ಕೈ ಚಾಚದ ವೀರ

ವೈನಿಯ ಬಲಗೈ ತೋರುಬೆರಳು ಸದಾ ಹಳದಿ. ದಿನವಿಡೀ ಮೌಸ್ ಒತ್ತಿ ನೋವು ಬರುತ್ತಿದ್ದುದರಿಂದ ಅರಿಶಿನ ಹಾಕಿ ಕಾಯಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಮೌಸೂ ಹಳದಿ, ಕೀಬೋರ್ಡಿನ ಅರ್ಧವೂ ಹಳದಿ. ‘ಕಂಪ್ಯೂಟರಿಗೆ ಲಗ್ನ ಮಾಡಾಕತ್ತೀರೇನ್ರಿ ವೈನಿ?’ ಎಂದು ಕಾಡಿಸುತ್ತಿದ್ದೆ. ‘ಹೌದು, ಮಾಡಾಕತ್ತೇನಿ. ಅಕ್ಕಿಕಾಳು ಹಾಕು ಬಾ ಬೇ,’ ಎನ್ನುತ್ತಿದ್ದರು.

ಅವರು ನನ್ನ ಅಣ್ಣನ ಹೆಂಡತಿ. ನನಗೆ ಈ ಕಸುಬು ಕಲಿಸಿದವರೂ ಅವರೇ. ಅಫಜಲಪುರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಕೂತು ನಾವಿಬ್ಬರೂ ಹೈದರಾಬಾದಿನ ಒಂದು ಕಂಪನಿಗೆ ವಿಡಿಯೋ ಗೇಮಿನ ಊರು, ಓಣಿ, ಮಂದಿಯನ್ನು ಕಟ್ಟಿಕೊಡುತ್ತಿದ್ದೆವು. ಆ ಹೈದರಾಬಾದಿನವರಿಗೆ ಕೆಲಸ ಕೊಟ್ಟದ್ದು ಹೊರದೇಶದ ದೊಡ್ಡ ಕಂಪನಿ. ಅದರ ಆಟದಲ್ಲಿ ಒಬ್ಬ ವೀರ, ಕೈಯಲ್ಲಿ ಕತ್ತಿ, ಎದುರು ಬಂದವರನ್ನೆಲ್ಲ ಕಡಿಯುವುದೇ ಕೆಲಸ. ಇಂಥ ಆಟ ಎಷ್ಟು ಬಂದಿಲ್ಲ! ಕೋಟಿಗಟ್ಟಲೆ ರೊಕ್ಕ ಸುರಿದು, ಹೋದ ಸಲದ ಆಟವನ್ನೇ ಮತ್ತೆ ಮಾಡುತ್ತಾರೆ.

ವೈನಿಯ ತವರು ಗಾಣಗಾಪುರ. ಅಲ್ಲಿ ಮಧ್ಯಾಹ್ನ ದತ್ತ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ದೇವರೇ ಬೇಡುವ ಊರೆಂದು ಕಾರಿನಲ್ಲಿ ಬಂದ ಸಾಹುಕಾರನೂ ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ ಮಧುಕರಿ ಭಿಕ್ಷೆ ಬೇಡುತ್ತಾನೆ. ವೈನಿ ಇದನ್ನು ಆಟಕ್ಕೆ ತಂದರು. ಒಂದು ಊರಿನಲ್ಲಿ ಮಧ್ಯಾಹ್ನವಾದರೆ ವೀರನ ಕತ್ತಿ ನಡೆಯದು. ಅದನ್ನು ಕೆಳಗಿಟ್ಟು, ಬಾಗಿಲಿಗೆ ಹೋಗಿ ಕೈ ಚಾಚಬೇಕು. ಹೆಂಗಸರು ರೊಟ್ಟಿ ನೀಡುತ್ತಾರೆ. ಪಕ್ಕದಲ್ಲೇ ಅವನ ವೈರಿಯೂ ಬೇಡುತ್ತಿರುತ್ತಾನೆ. ಮೊದಲ ಸಲ ಆಡುವಾಗ ಬೇಡುವ ಗುಂಡಿ ಒತ್ತಲು ನನಗೆ ನಿಜವಾಗಿಯೂ ನಾಚಿಕೆಯಾಯಿತು. ವೈನಿ ಕುಣಿದಾಡಿದರು. ‘ನಾಚಿಕಿ ಬಂತಿಲ್ಲ? ಅಷ್ಟ ಸಾಕು ನನಗ!’

ಅಷ್ಟರಲ್ಲಿ ದೊಡ್ಡ ಕಂಪನಿ ಎಂಜಿನ್ ಬದಲಿಸಿತು. ಆಟದ ಓಟ, ನೆರಳು, ಬೆಳಕು ಎಲ್ಲವನ್ನೂ ನಡೆಸುವ ತಂತ್ರಾಂಶ ಅದು. ತಮ್ಮದೇ ಹಳೆಯದನ್ನು ಬಿಟ್ಟು ಎಲ್ಲರೂ ಬಳಸುವ ಸಿದ್ಧ ಎಂಜಿನ್ ತಂದರು. ಭಿಕ್ಷೆ ಬೇಡುವುದು ಇದರಲ್ಲಿ ಆಗದು ಎಂದರು. ವೈನಿ ಹಟ ಹಿಡಿದು ಹೊಸ ಎಂಜಿನ್ ಕಲಿತರು. ತಮ್ಮ ಕೈ ಚಾಚುವುದನ್ನೇ ಫೋನಿನಲ್ಲಿ ವಿಡಿಯೋ ಮಾಡಿ, ಅದನ್ನು ನೋಡಿ ನೋಡಿ ಎಲ್ಲವನ್ನೂ ಮತ್ತೆ ಕಟ್ಟಿದರು. ಆಯಿತು ತಾನೆ? ಈಗ ದೊಡ್ಡ ಕಂಪನಿಯವರ ರಾಗ ಬದಲಾಯಿತು. ವೀರ ಸುಮ್ಮನೆ ಬೇಡಿದರೆ ಆಡುವವರು ಬೇಸತ್ತು ಬಿಡುತ್ತಾರೆ, ಪ್ರತಿ ಬಾಗಿಲಲ್ಲೂ ಚಿನ್ನದ ನಾಣ್ಯ ಬೀಳಲಿ ಎಂದರು. ನನಗೆ ಮೈ ಉರಿದುಹೋಯಿತು.

ಮೀಟಿಂಗಿನಲ್ಲಿ ಹೈದರಾಬಾದಿನ ಮ್ಯಾನೇಜರ್, ಅವರೂ ನಮ್ಮ ಜೇವರ್ಗಿ ಕಡೆಯವರೇ, ಪರದೆಯಲ್ಲಿ ಕೈ ಮುಗಿದರು. ‘ರಿಸ್ಕ್ ಬ್ಯಾಡ್ರಿ ಮೇಡಂ. ಅವರು ರೊಕ್ಕ ಭಾಳ ಹಾಕ್ಯಾರ.’

‘ರೊಕ್ಕ ಇದ್ದವರ ಅಂಜಿದ್ರ ಧೈರ್ಯ ಯಾರು ಮಾಡ್ಬೇಕ್ರಿ?’ ಎಂದರು ವೈನಿ. ‘ಮಧುಕರಿ ಗಳಸಾಕ ಅಲ್ರಿ, ಸೊಕ್ಕು ಇಳಸಾಕ. ನಾಣ್ಯ ಹಾಕೋದಿದ್ರ ಆಟದಾಗಿಂದ ನನ್ನ ಹೆಸರು ತಗೀರಿ.’

ಅವರು ಹೆಸರನ್ನೂ ತೆಗೆದರು, ಭಿಕ್ಷೆಯನ್ನೂ ತೆಗೆದರು.

‘ಎಂಜಿನ್‌ದು ಏನೂ ತಪ್ಪಿಲ್ಲ ಬೇ. ಅವರ ಎದಿಯಾಗ ದಮ್ಮಿಲ್ಲ,’ ಎಂದು ವೈನಿ ಕಂಪ್ಯೂಟರ್ ಮುಚ್ಚಿ ಕೆಳಗಿಳಿದು ಹೋದರು. ಆ ಕೆಲಸವನ್ನು ಮತ್ತೆ ಮುಟ್ಟಲಿಲ್ಲ. ಮುಂದಿನ ಮಳೆಗಾಲದಲ್ಲಿ ಜ್ವರ ಬಂತು, ಸೊಲ್ಲಾಪುರದ ಆಸ್ಪತ್ರೆಗೆ ಒಯ್ದೆವು, ಉಳಿಯಲಿಲ್ಲ. ನಾನು ಇವತ್ತು ಉಣ್ಣುವ ಅನ್ನ ಅವರು ಕಲಿಸಿದ ಕಸುಬಿನದು.

ಆಟ ಈ ವರ್ಷ ಬಂತು. ಭಿಕ್ಷೆ ತೆಗೆದವರು ಹೆಂಗಸರನ್ನು ತೆಗೆಯಲು ಮರೆತಿದ್ದಾರೆ. ಮಧ್ಯಾಹ್ನವಾದರೆ ಅವರು ಈಗಲೂ ರೊಟ್ಟಿ ಹಿಡಿದು ಹೊರಗೆ ಬರುತ್ತಾರೆ. ಬೇಡುವವರೇ ಇಲ್ಲ. ವೀರನನ್ನು ಒಬ್ಬಾಕೆಯ ಬಾಗಿಲ ಮುಂದೆ ನಿಲ್ಲಿಸಿ ಎಲ್ಲ ಗುಂಡಿಗಳನ್ನೂ ಒತ್ತಿದೆ. ಅವನು ಆಕೆಯ ಎದುರೇ ಕತ್ತಿ ಬೀಸಿದ. ಆಕೆ ರೊಟ್ಟಿ ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.