ಶ್ನೂಕ್ ಎಂದರೆ ನನ್ನ ಅಣ್ಣ

ಮಗಳು ಮೊಬೈಲಿನಲ್ಲಿ ಒಂದು ಪಟ್ಟಿ ಓದುತ್ತ ನಗುತ್ತಿದ್ದಳು. ಯಹೂದಿಗಳ ಯಿಡ್ಡಿಷ್ ನುಡಿಯಿಂದ ಇಂಗ್ಲಿಷಿಗೆ ಬಂದ ಪೆದ್ದರ ಹೆಸರುಗಳಂತೆ. ಸಾರು ಚೆಲ್ಲುವವನು ಶ್ಲೆಮೀಲ್, ಆ ಸಾರು ಯಾರ ಮೈಮೇಲೆ ಬೀಳುತ್ತದೋ ಅವನು ಶ್ಲಿಮಾಜಲ್. ಹೇಳಿದ್ದನ್ನೆಲ್ಲ ನಂಬಿ ಮೋಸಹೋಗುವವನು ಶ್ನೂಕ್.

"ನಮ್ಮಲ್ಲಿ ಎಲ್ಲದಕ್ಕೂ ಮಳ್ಳ ಅಂದ್ರೆ ಮುಗೀತು, ಅಲ್ವಾ ಆಯಿ?" ಎಂದಳು.

ನನಗೆ ನಗು ಬರಲಿಲ್ಲ. ಶ್ನೂಕ್ ಎಂದರೆ ನನ್ನ ಅಣ್ಣ, ಅವಳ ಸೋದರಮಾವ. ತನಗೊಬ್ಬ ಸೋದರಮಾವನಿದ್ದ ಎಂಬುದೇ ಅವಳಿಗೆ ಗೊತ್ತಿಲ್ಲ.

ನನ್ನ ತವರೂರು ಮಂಜಗುಣಿಯಲ್ಲಿ ಅವನನ್ನು ಆಟವಾಡಿಸದವರಿಲ್ಲ. ಹೊಳೆಯ ಉಪ್ಪುನೀರು ಇವತ್ತು ಸಿಹಿಯಾಗಿದೆಯಂತೆ ಎಂದರೆ ಕೊಡ ಹಿಡಿದು ಓಡುವವನು. ಕುಡಿದು, ಉಗುಳಿ, ನಾಳೆ ಆಗಬಹುದು ಎನ್ನುತ್ತ ವಾಪಸು ಬರುವನು. ಆದರೆ ಗದ್ದೆ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ನನ್ನನ್ನು ನೋಡಲು ಕಾರವಾರದಿಂದ ಬರುವವರಿದ್ದರು. ಹುಡುಗನಿಗೆ ಕೈಗಾದಲ್ಲಿ ನೌಕರಿ. ಮಳ್ಳು ಇವರ ವಂಶದಲ್ಲೇ ಇದೆ ಎಂದು ಹಿಂದೆ ಸರಿದಾರೆಂಬ ಹೆದರಿಕೆ ಅಪ್ಪನಿಗಿಂತ ನನಗೇ ಹೆಚ್ಚು. ಅಣ್ಣನನ್ನು ಕೊಟ್ಟಿಗೆಯ ಹಿಂದೆ ಕರೆದು ನಾನೇ ಹೇಳಿದೆ: ಅವರ ಕಡೆ ಒಂದು ಪದ್ಧತಿಯಿದೆ, ಹೆಣ್ಣಿನ ಅಣ್ಣ ತಾನು ಅಣ್ಣನೆಂದು ಹೇಳಿಕೊಳ್ಳಬಾರದು, ಹೇಳಿದರೆ ತಂಗಿಗೆ ಕೆಡುಕು.

"ಹೌದನೇ?" ಎಂದು ಕಣ್ಣರಳಿಸಿದ.

ಬಂದವರಿಗೆ ಆಳಿನಂತೆ ನೀರು ಕೊಟ್ಟು ಮೂಲೆಯಲ್ಲಿ ನಿಂತ. ಸಂಬಂಧ ಕೂಡಿತು. ಮದುವೆಯಲ್ಲಿ ನನ್ನ ಬೊಗಸೆಗೆ ಅರಳು ಸುರಿಯಬೇಕಾದವನು ಅಣ್ಣ. ಸುರಿದದ್ದು ಚಿಕ್ಕಪ್ಪನ ಮಗ. ಅಣ್ಣ ಎಂಜಲೆಲೆ ಎತ್ತುತ್ತಿದ್ದ. ಹುಡುಗಿಯ ಬಾಳು ಕೆಡಿಸಬಾರದೆಂದು ಊರಿನವರೂ ಬಾಯಿ ಬಿಡಲಿಲ್ಲ.

ಆಮೇಲೆ ಪ್ರತಿ ಬೇಸಿಗೆಯಲ್ಲೂ ಕಾರವಾರದ ಪಕ್ಕದ ಶಿರವಾಡದಲ್ಲಿನ ನನ್ನ ಗಂಡನ ಮನೆಗೆ ಇಶಾಡು ಮಾವಿನಹಣ್ಣು ಹೊತ್ತು ಬರುತ್ತಿದ್ದ. ಗೇಟಿನ ಹೊರಗೇ ನಿಂತು ಮೆಲ್ಲಗೆ ಕೇಳುತ್ತಿದ್ದ.

"ತಂಗೀ, ಆ ಪದ್ಧತಿ ಮುಗೀತೇ? ಈಗ ಹೇಳೂಕೆ ಅಡ್ಡಿಲ್ವೇ?"

"ಇನ್ನೊಂದ್ ವರ್ಷ."

"ಅಡ್ಡಿಲ್ಲ. ನಿಂಗೆ ಒಳ್ಳೇದಾದ್ರೆ ಸಾಕು."

ಚೀಲ ಖಾಲಿ ಮಾಡಿಕೊಂಡು ಅಂಕೋಲೆಯ ಬಸ್ಸು ಹಿಡಿಯಲು ಹೊರಡುತ್ತಿದ್ದ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು. ಆದರೂ ಪ್ರತಿ ವರ್ಷ ಇನ್ನೊಂದು ವರ್ಷ ಎಂದೇ ಹೇಳಿದೆ. ಒಂದು ಸಲವೂ ಅವನಿಗೆ ಅನುಮಾನ ಬರಲಿಲ್ಲ.

ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಊರಿನಿಂದ ಫೋನ್ ಬಂತು. ನಾನು ಗೋಡೆ ಹಿಡಿದು ಕುಳಿತದ್ದನ್ನು ಕಂಡು, ಯಾರು ಹೋದದ್ದು ಎಂದು ಗಂಡ ಕೇಳಿದರು. ಇನ್ನು ಹೇಳಲು ಯಾವ ಅಡ್ಡಿಯೂ ಇರಲಿಲ್ಲ.

"ಅಪ್ಪನ ಮನೆಯ ಆಳು" ಎಂದೆ.

"ಪಾಪ" ಎಂದು ಅವರು ಕೈಗಾ ಬಸ್ಸಿಗೆ ಹೊರಟರು.