ಗುಣ ಅಳೆಯುವವರು
“ಯಾವತ್ತಾದರೂ ಸುಳ್ಳು ಹೇಳಿದ್ದೀರಾ ಅಂತ ನಮ್ಮ ಪರೀಕ್ಷೇಲಿ ಕೇಳ್ತೀವಿ ಅಜ್ಜಿ. ಇಲ್ಲ ಅಂತ ಬರೆದವರಿಗೆ ಕೆಲಸ ಇಲ್ಲ. ಅಷ್ಟು ಒಳ್ಳೆಯವರು ಲೋಕದಲ್ಲೇ ಇರಲ್ಲ. ಮುಖ ನೋಡಬಾರದು, ಅಂಕ ನೋಡಬೇಕು.” ನಮ್ಮ ಮಹಡಿಯ ಬಾಡಿಗೆಯವರು ಕಾರ್ಖಾನೆಗೆ ಕೆಲಸ ಕೇಳಿ ಬರುವವರ ಗುಣ ಅಳೆದು, ಯಾರು ಚೆನ್ನಾಗಿ ದುಡಿದಾರು ಎಂದು ಮೊದಲೇ ಹೇಳುವವರು. ಹಾಲಿನವನಿಗೆ ತಾಳ್ಮೆ ಸಾಲದು, ನಮ್ಮ ಬೆಕ್ಕಿಗೆ ಜವಾಬ್ದಾರಿಯೇ ಇಲ್ಲ ಎಂದು ಮೆಟ್ಟಿಲಿಳಿಯುತ್ತಲೇ ತೀರ್ಪು ಕೊಡುತ್ತಾರೆ. ಕೆಲಸ ಹೋಗಿ ಇವರ ಮನೆಯಲ್ಲೇ ಉಳಿದಿರುವ ತಂಗಿ ನಿನ್ನೆ ಆ ಪರೀಕ್ಷೆಗೆ ಕೂತಳಂತೆ, ಇಲ್ಲ ಎಂದೇ ಬರೆದಳಂತೆ. “ಅವಳು ಹುಟ್ಟಿದಾಗಿನಿಂದ ಒಂದು ಸುಳ್ಳೂ ಆಡಿಲ್ಲ, ನನಗೆ ಗೊತ್ತು ಅಜ್ಜಿ.” “ಮತ್ತೆ ಕೆಲಸ ಕೊಟ್ರಿ ತಾನೆ?” “ಇಲ್ಲ.”  ಅವರು ಒಗೆದು ತಂದಿದ್ದ ಬಟ್ಟೆಯ ಬಕೆಟ್ಟಿನಿಂದ ಒದ್ದೆ ಹೊದಿಕೆ ಎತ್ತಿ, “ಈ ತುದಿ ಹಿಡ್ಕೊಳ್ಳಿ” ಎಂದರು. ಇಬ್ಬರೂ ಸೇರಿ ಹಿಂಡಿದೆವು.