ಮುಳ್ಳು ಅಂಟಿದ ಮೀಟರು

ನಮ್ಮ ಶಾಲೆಯ ವಿಜ್ಞಾನದ ಮೇಡಂಗೆ ಮಕ್ಕಳಿಟ್ಟ ಅಡ್ಡಹೆಸರು ‘ಅರ್ಧ ಮಾರ್ಕ್ಸು’. ತಪ್ಪು ಉತ್ತರವನ್ನೂ ಕೆದಕಿ ಕೆದಕಿ ಅರ್ಧ ಅಂಕ ಹುಡುಕಿ ಕೊಡುವವರು ಅವರು. ನಾನು ಗಣಿತದ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಮ್ಮಿಬ್ಬರಿಗೂ ಒಂದೇ ಮೇಜು, ಅದರಲ್ಲಿ ಮುಕ್ಕಾಲು ಪಾಲು ಅವರ ಉತ್ತರಪತ್ರಿಕೆಗಳದ್ದೇ. ಮನೆಯಲ್ಲೂ ಅದೇ ಗೋಳಂತೆ. ಒಮ್ಮೆ ಗಂಡ ಬರೆದಿಟ್ಟ ಸಾಮಾನಿನ ಚೀಟಿಯನ್ನು ಅರೆನಿದ್ದೆಯಲ್ಲಿ ಕೆಂಪು ಪೆನ್ನಿನಿಂದ ತಿದ್ದಿ ಹತ್ತಕ್ಕೆ ಏಳು ಹಾಕಿದ್ದರು. ಆ ಮನುಷ್ಯ ಅದನ್ನೇ ಹಿಡಿದುಕೊಂಡು ಅಂಗಡಿಗೆ ಹೋದರಂತೆ.

ಅವರನ್ನು ಹಣ್ಣುಮಾಡಿದ್ದು ಮಕ್ಕಳಲ್ಲ, ವಿದ್ಯುತ್ ಅಳೆಯುವ ಒಂದು ಮೀಟರು. ಬ್ಯಾಟರಿ ಹೆಚ್ಚಿಸುತ್ತ ಹೋದಂತೆ ವಿದ್ಯುತ್ತೂ ಸಮನಾಗಿ ಏರಿ ಗ್ರಾಫಿನಲ್ಲಿ ನೆಟ್ಟನೆ ಗೆರೆ ಬರಬೇಕು. ಆದರೆ ಪ್ರಯೋಗಾಲಯದಲ್ಲಿದ್ದ ಒಂದೇ ಒಂದು ಮೀಟರಿನ ಮುಳ್ಳು ಅರ್ಧ ದಾರಿಗೆ ಹೋಗಿ ಅಂಟಿಕೊಳ್ಳುತ್ತಿತ್ತು. ಬೇರೆಯದು ಕೊಡಿ ಎಂದು ಮೂರು ವರ್ಷ ಅರ್ಜಿ ಬರೆದು ಬರೆದು ಮೇಡಂ ಕೊನೆಗೆ ಕೈಚೆಲ್ಲಿದರು. “ಅರ್ಧದವರೆಗೆ ಮೀಟರ್ ನೋಡಿ ಬರೀರಿ, ಆಮೇಲಿಂದು ಲೆಕ್ಕ ಹಾಕಿ ಬರೀರಿ” ಎಂದು ಪ್ರತಿ ವರ್ಷ ತರಗತಿಯಲ್ಲಿ ಹೇಳಿಬಿಡುತ್ತಿದ್ದರು. ಆ ಲೆಕ್ಕ ಹೇಳಿಕೊಟ್ಟವನು ನಾನೇ. ಹಾಗಾಗಿ ನಾನೇನೂ ಸಾಚಾ ಅಲ್ಲ.

ಈ ವರ್ಷ ಅದನ್ನು ಹೇಳಿದ ದಿನ ಒಬ್ಬ ಹುಡುಗಿ ಜ್ವರ ಬಂದು ಮನೆಯಲ್ಲಿದ್ದಳು. ದರ್ಜಿಯ ಮಗಳು, ಅಪ್ಪ ಟೇಪು ಹಿಡಿದು ಹೇಳಿದ ಅಳತೆಯನ್ನು ಹಾಗೇ ಬರೆದುಕೊಂಡು ಬೆಳೆದವಳು. ಪ್ರಾಯೋಗಿಕ ಪರೀಕ್ಷೆಯಲ್ಲಿ ಮುಳ್ಳು ತೋರಿಸಿದ್ದನ್ನೇ ಬರೆದಳು. ಮೂವತ್ತೊಂಬತ್ತು ಮಕ್ಕಳ ಗೆರೆ ನೆಟ್ಟಗಿತ್ತು, ಅವಳದು ನಡುವೆ ಮುರಿದು ಅಡ್ಡ ಮಲಗಿತ್ತು. ಕೆಳಗೆ ಬರೆದಿದ್ದಳು: ‘ಇಲ್ಲಿಂದ ಮುಂದೆ ಮುಳ್ಳು ಅಲ್ಲಾಡಲಿಲ್ಲ. ಎರಡು ಸಲ ನೋಡಿದೆ.’

ಮೇಡಂ ಹತ್ತಕ್ಕೆ ಹತ್ತು ಹಾಕಿದರು. “ನೋಡಿ ಸರ್, ಇಷ್ಟು ವರ್ಷಕ್ಕೆ ಒಬ್ಬಳಾದ್ರೂ ಪ್ರಯೋಗ ಮಾಡಿದ್ಲು” ಎಂದು ನನಗೆ ತೋರಿಸಿದರು. ಅವರ ಮುಖದಲ್ಲಿ ಅಂಥ ಕಳೆ ನೋಡಿ ಎಷ್ಟೋ ಕಾಲವಾಗಿತ್ತು.

ಮರುವಾರ ಅಂಕಗಳ ಪರಿಶೀಲನೆಗೆ ಅಧಿಕಾರಿ ಬಂದರು.

“ಸೊಟ್ಟ ಗೆರೆಗೆ ಹತ್ತಾ? ಏನ್ ಮೇಡಂ, ಕಣ್ಮುಚ್ಕೊಂಡು ಹಾಕಿದ್ರಾ?”

ಮೀಟರು ಕೆಟ್ಟಿದೆ ಎನ್ನಲು ಮೇಡಂ ಬಾಯಿ ತೆರೆದರು. ಎದುರಿಗೆ ಉಳಿದ ಮೂವತ್ತೊಂಬತ್ತು ಗ್ರಾಫುಗಳ ಕಂತೆ ಇತ್ತು. ಮೀಟರು ಕೆಟ್ಟಿದ್ದರೆ ಅವೆಲ್ಲ ನೆಟ್ಟಗೆ ಬಂದದ್ದು ಹೇಗೆ? ಹೇಳಿದರೆ ಅಷ್ಟೂ ಮಕ್ಕಳ ಅಂಕ ಹೋಗುತ್ತಿತ್ತು, ಜೊತೆಗೆ ಮೇಡಂ ಕೆಲಸವೂ. ಬಾಯಿ ಬಿಟ್ಟರೆ ಬಣ್ಣಗೇಡು. ಪಕ್ಕದಲ್ಲೇ ಇದ್ದ ನಾನು ಆ ಕಂತೆಯ ಅಂಚು ಸರಿಮಾಡುತ್ತ ಕೂತೆ.

“ಎರಡು ಹಾಕಿ. ಇಲ್ಲಾಂದ್ರೆ ಮಧ್ಯಾಹ್ನದೊಳಗೆ ಅವಳ ಕೈಲಿ ಮತ್ತೆ ಮಾಡ್ಸಿ” ಎಂದು ಅಧಿಕಾರಿ ಚಹಾಕ್ಕೆ ಎದ್ದರು. ಎರಡಾದರೆ ಹುಡುಗಿಗೆ ಮುಂದಿನ ವರ್ಷ ವಿಜ್ಞಾನ ವಿಭಾಗ ಸಿಗುವುದಿಲ್ಲ. ಅವಳಿಗೆ ಬೇಕಿದ್ದದ್ದು ಅದೊಂದೇ.

ಪ್ರಯೋಗಾಲಯಕ್ಕೆ ಕರೆಸಿದೆವು.

“ಏನ್ ತಪ್ಪು ಮಾಡ್ದೆ ಮೇಡಂ? ಸರಿಯಾಗೇ ನೋಡಿದ್ದೆ.”

“ತಪ್ಪೇನಿಲ್ಲಮ್ಮ. ಗೆರೆ ನೆಟ್ಟಗೆ ಬರ್ಬೇಕಿತ್ತು, ಅಷ್ಟೇ.”

“ಹಾಗಾದ್ರೆ ಮೀಟರ್ ನೋಡ್ಬಾರ್ದಾ?”

ಮೇಡಂ ಹೊಸ ಹಾಳೆಯೊಂದನ್ನು ಅವಳ ಮುಂದಿಟ್ಟರು. ಹುಡುಗಿ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಜಾಣೆ, ಅರ್ಥವಾಯಿತು. ಸ್ವಿಚ್ಚನ್ನೂ ಹಾಕದೆ ಅಂಕಿಗಳನ್ನು ಸಾಲಾಗಿ ಬರೆದು, ಸ್ಕೇಲಿಟ್ಟು ಗೆರೆ ಎಳೆದಳು. ಐದು ನಿಮಿಷವೂ ಆಗಲಿಲ್ಲ. ಚಹಾ ಮುಗಿಸಿ ಬಂದ ಅಧಿಕಾರಿ ಹಾಳೆ ನೋಡಿ, “ನೋಡಿದ್ರಾ, ಮನಸ್ಸಿಟ್ಟು ಮಾಡಿದ್ರೆ ಬರುತ್ತೆ” ಎಂದು ಭೇಷ್ ಹೇಳಿ ಹೋದರು. ಹುಡುಗಿಯೂ ನಮಗೆ ಥ್ಯಾಂಕ್ಸ್ ಹೇಳಿ ಹೋದಳು. ನನಗೆ ತಲೆ ಎತ್ತಲು ನಾಚಿಕೆಯಾಯಿತು.

ಮೇಡಂ ಹತ್ತಕ್ಕೆ ಹತ್ತು ಹಾಕಿ ಸಹಿ ಮಾಡಿದರು.

“ಅವಳೊಬ್ಬಳು ಉಳ್ಕೊಂಡಿದ್ಲು ಸರ್” ಎಂದರು. “ಅವಳಿಗೂ ಕಲಿಸ್ಬಿಟ್ಟೆ.”